ಕೊಕ್ಕರ್ಣೆಯ ಕಲ್ಲು

ನಮ್ಮ ಕೋಟದ ಕಡಲ ಬದಿಯಲ್ಲಿ ನಾಯಿಗೆ ಎಸೆಯಲಿಕ್ಕೂ ಒಂದು ಕಲ್ಲು ಸಿಗುವುದಿಲ್ಲ. ಎಲ್ಲಿ ಅಗೆದರೂ ಹೊಯ್ಗೆ, ಬರೀ ಮರಳು. ಅಂಥ ಊರಿಗೆ ನನ್ನ ಗಂಡ ಹೊರೆಗಟ್ಟಲೆ ಕಲ್ಲು ತಂದು ಜಗಲಿಯಲ್ಲಿ ರಾಶಿ ಹಾಕುತ್ತಿದ್ದರು. ಭೂಗರ್ಭ ಇಲಾಖೆಯ ಸರ್ಕಾರಿ ಕೆಲಸ, ಸಂಬಳ ಕೊಡುವುದೇ ಕಲ್ಲು ಒಡೆಯುವುದಕ್ಕೆ. ನಾನು ಎಡವಿದಾಗಲೆಲ್ಲ ಬೈಯುತ್ತಿದ್ದೆ. "ಪೆನ್ಶನ್ ಆದ್ಮೇಲೆ ಇದ್ರಲ್ಲೇ ನಿಂಗೊಂದ್ ಕಂಪೌಂಡ್ ಕಟ್ಸ್ತೆ ತುಂಗಾ" ಎಂದು ನಗುತ್ತಿದ್ದರು.

ಅವರ ಹೆಸರು ವೈಕುಂಠ. ಗಂಡನ ಹೆಸರು ಹೇಳಬಾರದು ಅಂತಾರೆ. ಹೇಳದೆ ಇದ್ದು ನಾನು ಉಳಿಸಿಕೊಂಡದ್ದೇನೂ ಇಲ್ಲ.

ಐವತ್ತಾರರಲ್ಲಿ ರಾಜ್ಯ ಒಂದಾಯಿತು. ಅದಕ್ಕೆ ಮೊದಲು ಘಟ್ಟದ ಮೇಲಿನ ಕಲ್ಲುಗಳ ನಕ್ಷೆ ಮೈಸೂರಿನವರದ್ದು, ಕೆಳಗಿನದ್ದು ಮದ್ರಾಸಿನವರದ್ದು. ಎರಡನ್ನೂ ಅಂಚಿಗೆ ಅಂಚು ಇಟ್ಟರೆ ಗೆರೆಗಳು ಕೂಡುತ್ತಿರಲಿಲ್ಲ. ಕೂಡಿಸುವ ಕೆಲಸ ಇವರ ಪಾಲಿಗೆ ಬಂತು. ಊಟ ನಿದ್ರೆ ಬಿಟ್ಟು ಅದರ ಹಿಂದೆ ಬಿದ್ದರು.

ನನಗೆ ಅದನ್ನು ಹೇಳಿಕೊಟ್ಟದ್ದು ಕಡಲ ಬದಿಯಲ್ಲೇ. ಇಳಿತದ ಹೊತ್ತಿಗೆ ನೀರು ಬಿಟ್ಟುಹೋದ ಹೊಯ್ಗೆಯ ಸುಕ್ಕುಗಳನ್ನು ತೋರಿಸಿ, "ಇಂಥದ್ದೇ ಸುಕ್ಕ್ ಘಟ್ಟದ್ ಕಲ್ಲ್ ಮೇಲೂ ಇತ್ತ್ ಕಾಣ್" ಅಂದರು. ಘಟ್ಟದ ಮೇಲೆ ಕಲ್ಲುಗಳಿಗೆ ಒಂದು ಸರದಿ ಇದೆಯಂತೆ. ಎಲ್ಲಕ್ಕಿಂತ ಅಡಿಯಲ್ಲಿ ಉರುಟು ಬೆಣಚುಕಲ್ಲುಗಳು ಹುದುಗಿದ ಪದರ, ಹಲಸಿನ ಬೀಜ ಹಾಕಿದ ಹುಳಿ ಗಟ್ಟಿಯಾದ ಹಾಗೆ. ಅದರ ಮೇಲೆ ಲಾವಾ ಹರಿದು ಆರಿದ ಕಪ್ಪು ಕಲ್ಲು. ಅದರ ಮೇಲೆ ಹೊಯ್ಗೆಯೇ ಕಲ್ಲಾದ ಪದರ. ಘಟ್ಟದ ಕೆಳಗೆ ಬೈಂದೂರಿನ ಗುಡ್ಡದಲ್ಲೂ ಈ ಮೂರೂ ಸಿಕ್ಕಿದ್ದವು. ತೆಂಕಿಗೆ ಕೊಕ್ಕರ್ಣೆಯಲ್ಲೂ ಸಿಕ್ಕಿದರೆ ಇಡೀ ಸೀಮೆ ಒಂದೇ ಕಾಲದ ನೆಲ ಎಂದಾಗುತ್ತದೆ, ನಕ್ಷೆಯ ಗೆರೆ ಕೂಡುತ್ತದೆ. ಆದರೆ ಕೊಕ್ಕರ್ಣೆಯಲ್ಲಿ ಮೇಲಿನ ಎರಡು ಇದ್ದವು, ಅಡಿಯ ಬೀಜದ ಕಲ್ಲು ಇರಲಿಲ್ಲ.

"ಇಷ್ಟಕ್ಕೆ ಹೀಂಗ್ ತಿರ್ಗುದಾ?" ಅಂದೆ.

"ಇಷ್ಟಕ್ಕೇ" ಅಂದರು.

ಅರವತ್ತನಾಲ್ಕರ ಬೇಸಿಗೆಯಲ್ಲಿ ಕೊಕ್ಕರ್ಣೆಯ ಚೆನ್ನಯ್ಯ ಎಂಬವರು ತೋಡಿಸುತ್ತಿದ್ದ ಬಾವಿಯ ತಳದಲ್ಲಿ ಆ ಕಲ್ಲು ಕಾಣಿಸಿತು. ಒಂದು ತುಂಡು ಹೊಡೆದು ತಂದು ಅಂಗಳದಿಂದಲೇ ಕೂಗಿದರು. "ಹ್ವಾಯ್, ಎಲ್ಲಿದ್ಯೆ? ಸಿಕ್ತ್ ಕಾಣ್!" ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟರು. ಪದರ ಎಷ್ಟು ದಪ್ಪ, ಯಾವ ಕಡೆಗೆ ಓರೆ ಎಂದು ಅಳೆಯಲು ಮರುವಾರ ಮತ್ತೆ ಆ ಬಾವಿಗೆ ಇಳಿದರು. ಬದಿ ಕುಸಿಯಿತು. ಮಣ್ಣು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೀವ ತೆಗೆದ ಬಾವಿ ಬೇಡವೆಂದು ಚೆನ್ನಯ್ಯ ಅದನ್ನು ಮುಚ್ಚಿಸಿಬಿಟ್ಟರು. ಪಾಪ, ಅವರದ್ದೇನು ತಪ್ಪು?

ನಮಗೆ ಮಕ್ಕಳಿರಲಿಲ್ಲ. ಮಗ ಅಪ್ಪನಿಗೆ ಮಾಡಬೇಕಾದ್ದನ್ನು ಅಪ್ಪ ಮಗನಿಗೆ ಮಾಡಿದರು. ಮಾವ ಸುಬ್ಬರಾಯರು ಪುರೋಹಿತರು, ಊರಿನ ಎಷ್ಟೋ ಮಂದಿಯನ್ನು ಮಂತ್ರ ಹೇಳಿ ಕಳಿಸಿಕೊಟ್ಟವರು. ಚಿತೆಯ ಸುತ್ತ ಹೊತ್ತ ಮಡಕೆಗೆ ತೂತು ಮಾಡುವ ಕಲ್ಲೇ ಆಮೇಲೆ ಸತ್ತವರಿಗೆ ಮೈ. ಅದಕ್ಕೇ ಎಳ್ಳುನೀರು ಬಿಟ್ಟು, ಹತ್ತನೆಯ ದಿನ ಕಡಲಿಗೆ ಹಾಕುವುದು. ಹೊಯ್ಗೆಯ ಊರಲ್ಲಿ ಕಲ್ಲೆಲ್ಲಿ? ಯಾರೋ ನಮ್ಮ ಮನೆಗೆ ಓಡಿಬಂದು ಕೈಗೆ ಸಿಕ್ಕಿದ್ದನ್ನು ಒಯ್ದರು. ನಾನು ಒಳಗೆ ಬೋರಲು ಬಿದ್ದಿದ್ದೆ.

ಒಂಬತ್ತನೆಯ ದಿನ ಇವರ ಮೇಲಧಿಕಾರಿ ರತ್ನಾಕರ ಬಂದರು. "ಕೊಕ್ಕರ್ಣೆಯ ಆ ತುಂಡು ಬೇಕಮ್ಮ" ಅಂದರು. "ಬಾವಿ ಮುಚ್ಚಿತು. ಇನ್ನು ಅದೊಂದೇ ಸಾಕ್ಷಿ. ಅದಿಲ್ಲದಿದ್ದರೆ ವೈಕುಂಠರ ಗೆರೆಯನ್ನು ಅಳಿಸಿಬಿಡುತ್ತಾರೆ."

ಕಿಟಕಿಯ ಮೇಲೆ ಸೀರೆಯ ತುಂಡು ಮಾತ್ರ ಇತ್ತು. ಜಗಲಿಯ ಮೂಲೆಯಲ್ಲಿ ದರ್ಭೆ ಸುತ್ತಿದ್ದ ಕಲ್ಲಿನ ಕಡೆ ನನ್ನ ಕಣ್ಣು ಹೋಯಿತು. ಎಳ್ಳಿನ ನಡುವೆ ಬೆಣಚಿನ ಬಿಳಿಯ ಬೀಜಗಳು ಕಾಣುತ್ತಿದ್ದವು.

"ಮಾವ, ಅದನ್ನ್ ಕೊಡುಕಾತ್ತಾ?" ಎಂದು ಕೇಳಿಯೇಬಿಟ್ಟೆ.

ಮಾವ ಹೋಗಿ ಕಲ್ಲಿನ ಮುಂದೆ ಕುಕ್ಕರಿಸಿದರು. "ಕಲ್ಲ್ ಕೈ ತಪ್ರೆ ಮತ್ತ್ ಮೊದ್ಲಿಂದ ಮಾಡ್ಕ್" ಅಂದರು. ಆಮೇಲೆ ರತ್ನಾಕರರ ಕಡೆ ತಿರುಗಿದರು. "ಎಂತ ಮಾಡ್ತ್ರಿ ಇದನ್ನ್?"

"ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ."

ಕೊಯ್ಯುವುದು ಎಂದದ್ದಕ್ಕೆ ಮಾವ ಕಣ್ಣು ಮುಚ್ಚಿಕೊಂಡರು. ಆಮೇಲೆ ದರ್ಭೆ ಬಿಚ್ಚಿ, ಕಲ್ಲನ್ನು ತೊಳೆದು, ತಮ್ಮ ಪಂಚೆಯಲ್ಲೇ ಒರೆಸಿ ಕೊಟ್ಟರು. "ನಮ್ ಮಾಣಿ ಗೆರೆ ಕೂಡ್ಲಿ" ಅಂದರು.

ಮರುದಿನ ಎಲ್ಲವೂ ಮೊದಲಿನಿಂದ ಶುರುವಾಯಿತು. ಜಗಲಿಯ ರಾಶಿಯಿಂದ ಬೇರೆ ಕಲ್ಲು ಆರಿಸಿ ಕೊಟ್ಟೆ. ಮಾವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದ್ ಯಾರಿಗಾರೂ ಬೇಕಾ?" ಎಂದು ಕೇಳಿದರು.

"ಯಾರಿಗೂ ಬ್ಯಾಡ ಮಾವ."

ಮಗನನ್ನು ಒಮ್ಮೆ ಕಳಿಸುವುದೇ ಹೆಚ್ಚು. ಆ ಮುದುಕ ಎರಡು ಸಲ ಕಳಿಸಿದರು. ಎರಡನೆಯ ಕಲ್ಲನ್ನು ಕಡಲಿಗೆ ಬಿಟ್ಟು, ಶಾಸ್ತ್ರದಂತೆ ತಿರುಗಿ ನೋಡದೆ ಮನೆಗೆ ಬಂದರು.

ಮಳೆಗಾಲವಿಡೀ ಮಾವ ಪೋಸ್ಟಿನವನನ್ನು ತಡೆದು ನಿಲ್ಲಿಸುತ್ತಿದ್ದರು. ದೀಪಾವಳಿ ಕಳೆದ ಮೇಲೆ ರತ್ನಾಕರ ತಾವೇ ಬಂದರು. ಕಾಗದ ಬರೆದರೆ ಸಾಕಿತ್ತು. ಬರೆಯದೆ ಅಷ್ಟು ದೂರ ಬಂದರಲ್ಲ, ಆಗಲೇ ನನ್ನ ಎದೆ ಒಡೆಯಿತು.

"ಬೇರೆ ಕಲ್ಲಮ್ಮ" ಅಂದರು. "ಕೊಯ್ದು ನೋಡಿದಾಗ ಒಳಗೆ ಲಾವಾದ ಸಣ್ಣ ಸಣ್ಣ ಚೂರುಗಳಿದ್ದವು, ಬರಿಗಣ್ಣಿಗೆ ಕಾಣದಂಥವು. ಲಾವಾ ಹರಿದು ಆರಿ ಒಡೆದ ಮೇಲೆ ಹುಟ್ಟಿದ ಕಲ್ಲು ಅದು. ಬೈಂದೂರಿನದ್ದು ಲಾವಾಕ್ಕಿಂತ ಮೊದಲಿನದ್ದು. ಎರಡೂ ಒಂದಲ್ಲ."

"ಹೌದು ಅಂತ ಬರ್ದ್ರೆ ನಿಮ್ ಗಂಟೇನ್ ಹೋತಿತ್ತ್?" ಎಂದು ಅವರ ಮೇಲೆ ಹರಿಹಾಯ್ದೆ. ಅವರು ತಲೆ ತಗ್ಗಿಸಿ ಅತ್ತರು.

ರತ್ನಾಕರ ಏನೆನ್ನುತ್ತಾರೆಂದು ಕೇಳಲು ಮಾವ ಒಳಗಿನಿಂದ ಬಂದರು. "ಎಂತ ಅಂಬ್ರ್?"

ಕೂಡಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಕಲ್ಲನ್ನು ಪಂಚೆಯಲ್ಲಿ ಒರೆಸಿ ಕೊಟ್ಟವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಕೂಡ್ಲಿಲ್ಲೆ ಮಾವ."

ಅವರು ಕಂಬ ಹಿಡಿದು ನಿಂತರು. "ಹಂಗಾರೆ ಆ ಕಲ್ಲ್ ಎಲ್ಲಿತ್ತ್?"

ರತ್ನಾಕರ ಚೀಲದಿಂದ ತೆಗೆದರು. ಒಂದು ಬದಿ ಕೊಯ್ದು ನುಣ್ಣಗಾಗಿತ್ತು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು.

"ಯಾರಿಗೂ ಬ್ಯಾಡ್ದಿದ್ರೆ ನಮ್ಗ್ ಬೇಕ್" ಅಂದರು.

ಹಾಗೆಯೇ ಕಡಲಿಗೆ ನಡೆದರು. ನಾನು ಹಿಂದಿನಿಂದ ಓಡಿದೆ. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದು ನಿಂತರು. ಜೀವಮಾನವಿಡೀ ಹೇಳಿದ ಮಂತ್ರ ಬಾಯಿಗೆ ಬರಲಿಲ್ಲ.

"ಬಿಡುಕಾತಿಲ್ಲೆ ತುಂಗಾ" ಅಂದರು. "ಅಂವ ಇದ್ರೊಳ್ಗೇ ಇದ್ದ."

ನಾನು ಗಟ್ಟಿಯಾಗಿ ಅತ್ತೆ. ಊರಿಗೆ ಕೇಳಿಸಲಿ ಎಂದೇ ಅತ್ತೆ. ಆಮೇಲೆ ನೀರಿಗೆ ಇಳಿದು, ಮಾವನ ಮುಷ್ಟಿ ಹಿಡಿದು, ಒಂದೊಂದೇ ಬೆರಳು ಬಿಡಿಸಿದೆ.