ನಸುಕಿನ ಬಿಸಿನೀರು

ಮದುವೆಯಾಗಿ ಖಾನಾಪುರಕ್ಕೆ ಬಂದ ಮೇಲೆ ಏಳು ತಿಂಗಳು ನಾನು ಸುಳ್ಳು ಜಳಕ ಮಾಡಿದೆ. ಗಂಡ ಹೆಂಡತಿ ಕೂಡಿದ ಮೇಲೆ ಬೆಳಗಿನ ನಮಾಜಿಗೆ ಮುಂಚೆ ಮೀಯಲೇಬೇಕು. ಅದಕ್ಕೇ ಅತ್ತೆ ಮಮ್ತಾಜ ದಿನವೂ ನಸುಕಿನಲ್ಲೆದ್ದು, ಒಂದು ಮಾತೂ ಕೇಳದೆ, ನನಗೆಂದು ಹಂಡೆಯಲ್ಲಿ ನೀರು ಕಾಸಿಡುತ್ತಿದ್ದರು. ನನ್ನ ಮತ್ತು ಗಂಡನ ನಡುವೆ ಏನೂ ಆಗಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಬಾಬತ್ತಿನಲ್ಲಿ ನನಗೆ ಗೊತ್ತಿದ್ದುದು ಅಕ್ಕ ಹೇಳಿದ್ದ ನೋವಿನ ಕಥೆಗಳಷ್ಟೇ. ಗಂಡ ಉಜೈರ ಹತ್ತಿರ ಬಂದರೆ ಮೈ ಕಲ್ಲಾಗುತ್ತಿತ್ತು. ಅವನು ಸುಮ್ಮನೆ ಗೋಡೆಯ ಕಡೆ ಹೊರಳುತ್ತಿದ್ದ. ಅಷ್ಟು ಕಟ್ಟಿಗೆ, ಅಷ್ಟು ನೀರು ದಂಡ. ನನಗೆ ನನ್ನ ಮೇಲೇ ಸಿಟ್ಟು.

ಕೊನೆಗೆ ಅವನೇ ಬೆಳಗಾವಿಯ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಕರೆದೊಯ್ದ.

"ಹೆದರಿಕಿಗೆ ಮೈ ತಾನಾಗೇ ಬಿಗೀತೈತಿ, ಇದು ಯಾರ ತಪ್ಪೂ ಅಲ್ಲ," ಎಂದರು ಆಕೆ. "ವ್ಯಾಯಾಮ ಹೇಳಿಕೊಡ್ತೀನಿ, ಆರಾಮ ಆಗ್ತದ. ಆದರ ಒಂದು ತಿಂಗಳು ಪ್ರಯತ್ನಾನೇ ಮಾಡಬ್ಯಾಡ್ರಿ. ಬರೇ ಕೈ ಹಿಡಕೊಂಡು ಮಲಗ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಉಜೈರ ಕೈ ಚಾಚಿದ. ನಾನು ಹಿಡಿದುಕೊಂಡೆ. ಊರು ಬರುವವರೆಗೂ ಬಿಡಲಿಲ್ಲ.

ಮನೆ ಮುಟ್ಟಿದವಳೇ ಅಡುಗೆಮನೆಗೆ ಹೋಗಿ ಹೇಳಿಬಿಟ್ಟೆ: "ಅಮ್ಮಿ, ನಾಳಿಂದ ನೀರು ಕಾಸಬ್ಯಾಡ್ರಿ. ಇಷ್ಟು ದಿನಾನೂ ಅದು ಬೇಕಾಗಿರಲಿಲ್ಲ."

ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತವಾ," ಎಂದರು. "ನಾನೂ ಎರಡು ವರ್ಷ ಹಂಗ ಸುಮ್ಮನ ಜಳಕಾ ಮಾಡೀನಿ. ತಣ್ಣೀರಿನ್ಯಾಗ."