ಗೂಡಿನೊಳಗೆ ದೊರೆ

ಹಿತ್ತಲಿನ ಕೋಳಿಗೂಡು ಮುಗಿದ ದಿನ ಟೈಲರಮ್ಮನಿಗೆ ನಿರಾಳವೇನೂ ಆಗಲಿಲ್ಲ. ಹದಿನೈದು ದಿನ ಕೂತು ಕೈಯಾರೆ ಕಟ್ಟಿದ ಗೂಡು ಅದು. ಬಟ್ಟೆಗೆ ಮಾಡುವಂತೆಯೇ ಮೊದಲು ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸಿ, ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದಳು. ಜಾಲರಿಯ ಅಂಚನ್ನು ಎರಡು ಬೆರಳಗಲ ಒಳಕ್ಕೆ ಮಡಚಿ ಸಣ್ಣ ತಂತಿಯಿಂದ ಹೊಲಿದಿದ್ದಳು. ಬಾಗಿಲಿಗೆ ಮೂರು ಚಿಲಕ. ಅವನ್ನು ಕೂರಿಸಿಕೊಟ್ಟವರು ನಲವತ್ತು ವರ್ಷ ಬೀಗ ರಿಪೇರಿ ಮಾಡಿದ ಮಾವ.

"ಇದರೊಳಗೆ ಹೋಗೋಕೆ ಇಲೀನೂ ಅರ್ಜಿ ಹಾಕ್ಬೇಕು ಕಣಮ್ಮ," ಎಂದರು ಮಾವ.

ಆದರೂ ಅವಳ ಕಳವಳ ಇಳಿಯಲಿಲ್ಲ. ನಾದಿನಿ ಮೂರನೇ ಮಹಡಿಯ ಮನೆಗೆ ಹೋಗುವವಳಿದ್ದಳು. ತಾನು ಸಾಕಿದ ನಾಲ್ಕು ಕೋಳಿಗಳನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ಐದನೆಯದನ್ನು ಬೆಕ್ಕು ಕಚ್ಚಿಕೊಂಡು ಹೋದಾಗ ಎರಡು ದಿನ ಊಟ ಬಿಟ್ಟವಳು ಅವಳು. ಈಗ ಖಡಾಖಂಡಿತವಾಗಿ ಹೇಳಿದ್ದಳು: "ಅತ್ತಿಗೆ, ಶನಿವಾರ ಬಂದು ಗೂಡು ನೋಡ್ತೀನಿ. ಬೆಕ್ಕು ನುಗ್ಗೋ ಹಾಗಿದ್ರೆ ಕೊಡಲ್ಲ, ಮಾಂಸದಂಗಡಿಗೇ ಕೊಟ್ಬಿಡ್ತೀನಿ. ಅಲ್ಲಾದ್ರೆ ಒಂದೇ ಏಟು."

ನಾಲ್ಕು ಜೀವ ತನ್ನ ಹೊಲಿಗೆಯನ್ನು ನಂಬಿಕೊಂಡಿವೆ ಎನ್ನಿಸಿದ ಮೇಲೆ ಟೈಲರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಮಾವ, ಬೀಗ ಗಟ್ಟಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ಯಾರಾದ್ರೂ ಹಟಮಾರಿ ಕೈಗೆ ಕೊಟ್ಟು ಸುಮ್ಮನೆ ನೋಡ್ತಾ ಕೂರ್ತಿದ್ದೆ."

ಹಟಮಾರಿ ಕಾಂಪೌಂಡಿನ ಮೇಲೆಯೇ ಕೂತಿದ್ದ. ಪಕ್ಕದ ಮನೆಯ ಬೂದು ಬೆಕ್ಕು. ಬೀದಿಯವರೆಲ್ಲ ಅವನನ್ನು ದೊರೆ ಎನ್ನುತ್ತಿದ್ದರು, ಯಾರ ಮನೆಗೂ ಹೇಳಿ ಕೇಳಿ ಹೋದವನಲ್ಲ. ಬೆಕ್ಕು ಒಳಗೆ ನುಗ್ಗುವ ಸಂದು ಎಲ್ಲಿದೆಯೆಂದು ತಿಳಿಯಬೇಕಾದರೆ ಅದನ್ನೇ ಒಳಗೆ ಕೂಡಿಹಾಕಿ, ಎಲ್ಲಿಂದ ಹೊರಬರುತ್ತದೆಂದು ನೋಡಿದರಾಯಿತಲ್ಲ! ಶುಕ್ರವಾರ ಮಧ್ಯಾಹ್ನ ಒಣಮೀನಿನ ಆಸೆ ತೋರಿಸಿ ದೊರೆಯನ್ನು ಗೂಡಿಗೆ ಬಿಟ್ಟು, ಮೂರೂ ಚಿಲಕ ಹಾಕಿ ಕೈತೊಳೆಯಲು ಹೋದಳು. ಬರುವಷ್ಟರಲ್ಲಿ ದೊರೆ ಕಾಂಪೌಂಡಿನ ಮೇಲೆ ಕೂತು ಮೂತಿ ನೆಕ್ಕಿಕೊಳ್ಳುತ್ತಿದ್ದ. ಚಿಲಕಗಳು ಹಾಕಿದ ಹಾಗೆಯೇ ಇದ್ದವು.

"ನನ್ನ ಚಿಲಕ ಬಿಚ್ಚಿಲ್ಲ. ನಿನ್ನ ಹೊಲಿಗೆ ಏನಂತೆ ಕೇಳು," ಎಂದು ಮಾವ ನಕ್ಕರು.

ಅವಳು ಜಾಲರಿಯ ಉದ್ದಕ್ಕೂ ಬೆರಳಾಡಿಸಿದಳು. ಒಂದು ಹೊಲಿಗೆಯೂ ಸಡಿಲವಾಗಿರಲಿಲ್ಲ. ಮತ್ತೊಂದು ಮೀನು ಹಾಕಿ ಬೆಕ್ಕನ್ನು ಪುನಃ ಒಳಗೆ ಬಿಟ್ಟು, ಈ ಸಲ ರೆಪ್ಪೆ ಮಿಟುಕಿಸದೆ ಕೂತಳು. ದೊರೆ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಗೂಡಿನ ಪಕ್ಕಕ್ಕೆ ಜೋಡಿಸಿದ್ದ ಮೊಟ್ಟೆಯ ಪೆಟ್ಟಿಗೆಗೆ ಇಳಿದು, ತಲೆಯಿಂದ ಮುಚ್ಚಳ ಎತ್ತಿ, ಮೈಯನ್ನು ಎಣ್ಣೆಯ ಹಾಗೆ ಜಾರಿಸಿಕೊಂಡು ಹೊರಬಂದ. ಹಿಂದೆ ಮುಚ್ಚಳ ಟಪ್ಪೆಂದು ತಾನೇ ಮುಚ್ಚಿಕೊಂಡಿತು.

ಬಾಗಿಲಿಗೆ ಮೂರು ಚಿಲಕ ಹಾಕಿಸಿದವಳು ಮುಚ್ಚಳಕ್ಕೆ ಒಂದನ್ನೂ ಹಾಕಿಸಿರಲಿಲ್ಲ. ಅದು ತಾನು ಕೈಹಾಕಿ ಮೊಟ್ಟೆ ತೆಗೆಯುವ ಜಾಗ. ಅಲ್ಲಿ ಕಳ್ಳನ ಯೋಚನೆಯೇ ಬಂದಿರಲಿಲ್ಲ. ಗುಟ್ಟು ಸಿಕ್ಕಿದ ಖುಷಿಗೆ ಅವಳು ಚಪ್ಪಾಳೆ ತಟ್ಟಿಬಿಟ್ಟಳು.

"ನಾಲ್ಕನೇ ಚಿಲಕ ತರ್ಲಾ?" ಎಂದರು ಮಾವ.

"ಬೇಡ ಮಾವ. ಇದು ನನ್ನ ಇಲಾಖೆ."

ದಪ್ಪ ತಂತಿ ಬಗ್ಗಿಸಿ ಪ್ಯಾಂಟಿನ ಸೊಂಟಕ್ಕೆ ಹಾಕುವಂಥದೇ ಹುಕ್ಕು ಮಾಡಿ ಮುಚ್ಚಳಕ್ಕೆ ಕೂರಿಸಿದಳು, ಅಂಗೈಯಗಲದ್ದು. ಮೇಲಕ್ಕೆ ಎಳೆದಷ್ಟೂ ಬಿಗಿಯುತ್ತದೆ; ಕೆಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಮಾತ್ರ ಬಿಚ್ಚುತ್ತದೆ.

ಶನಿವಾರ ಬೆಳಿಗ್ಗೆ ಮೂರನೆಯ ಪರೀಕ್ಷೆ. ದೊರೆ ಒಂದು ಸುತ್ತು ಹಾಕಿ ಹುಲ್ಲಿನ ಮೇಲೆ ಮುದುಡಿ ಮಲಗಿಬಿಟ್ಟ. ಸೋತು ಮಲಗಿದ್ದಾನೋ, ಸೊಗಸಾಗಿದೆ ಅಂತ ಮಲಗಿದ್ದಾನೋ? ಹೊರಗೆ ಮೀನಿಟ್ಟರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿದ. ನಿನ್ನೆಯಿಂದ ತಿಂದು ತಿಂದು ಹೊಟ್ಟೆ ತುಂಬಿತ್ತು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ನಾದಿನಿ ಬಂದಿದ್ದಳು, ತೂತು ಕೊರೆದ ರಟ್ಟಿನ ಡಬ್ಬ ತಬ್ಬಿಕೊಂಡು. ಗೂಡು ನೋಡಿದವಳು ನಿಂತಲ್ಲೇ ನಿಂತಳು.

"ಅತ್ತಿಗೆ! ಕೋಳಿ ಬರೋ ಮುಂಚೇನೇ ಬೆಕ್ಕು ಗೃಹಪ್ರವೇಶ ಮಾಡಿದೆಯಲ್ಲ!" ಎಂದು ತಿರುಗಿ ಹೊರಟೇಬಿಟ್ಟಳು.

"ಅಯ್ಯೋ, ನಿಂತ್ಕೊಳೇ! ಅದು ನುಗ್ಗಿದ್ದಲ್ಲ, ನಾನೇ ಹಾಕಿದ್ದು."

"ನೀವೇ ಹಾಕಿದ್ದಾ? ಅಪ್ಪಾ, ಅತ್ತಿಗೆ ತಲೆ ನೆಟ್ಟಗಿದೆಯಾ?"

"ನಿನ್ನದಕ್ಕಿಂತ ನೆಟ್ಟಗಿದೆ," ಎಂದರು ಮಾವ. "ಬಾ, ಕೂತ್ಕೋ."

"ಡಬ್ಬ ಇಲ್ಲಿಡು, ಕೈ ಮಾತ್ರ ಬಿಡಬೇಡ," ಎಂದಳು ಟೈಲರಮ್ಮ. "ಅವನು ಹೊರಗೆ ಬಂದ್ರೆ ಕೋಳೀನ ವಾಪಸ್ ತಗೊಂಡು ಹೋಗು. ನಾನು ಉಸಿರೆತ್ತಲ್ಲ."

ನಾದಿನಿ ಅರೆಮನಸ್ಸಿನಿಂದ ಕೂತು ಡಬ್ಬವನ್ನು ಮಡಿಲಿಗೆ ಒತ್ತಿಕೊಂಡಳು. ಒಳಗಿನಿಂದ ಕೊಕ್ಕೊಕ್ಕೋ ಎಂದಿತು.

ದೊರೆಯ ಎರಡೂ ಕಣ್ಣು ತೆರೆದವು. ಒಣಮೀನಿಗೆ ಏಳದವನು ಈಗ ಬಿಲ್ಲಿನಂತೆ ಎದ್ದ. ಜಾಲರಿ ಕೆರೆದ, ಚಿಲಕ ಮೂಸಿದ, ಮೂಲೆಗೆ ಪಂಜ ತೂರಿಸಿದ. ಆಮೇಲೆ ನೆನಪಾಗಿ ಮೊಟ್ಟೆಯ ಪೆಟ್ಟಿಗೆಗೆ ಹಾರಿ ತಲೆ ಕೊಟ್ಟ. ಮುಚ್ಚಳ ಅಲುಗಿತು. ಟೈಲರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದೊರೆ ಮತ್ತೆ ಮತ್ತೆ ಗುದ್ದಿದ. ಗುದ್ದಿದಷ್ಟೂ ಹುಕ್ಕು ಬಿಗಿಯಿತು. ಕೊನೆಗೆ ಅವನು ಜಾಲರಿಗೆ ಮೂತಿಯೊತ್ತಿ ಬೀದಿಗೆಲ್ಲ ಕೇಳುವಂತೆ ಅರಚಿದ.

ನಾದಿನಿ ಎದ್ದಳು. ಮುಚ್ಚಳವನ್ನು ತಾನೇ ಎಳೆದಳು, ಜಗ್ಗಿದಳು, ಉಗುರು ಮುರಿದುಕೊಂಡಳು.

"ಅತ್ತಿಗೆ, ಇದನ್ನ ಬಿಚ್ಚೋದು ಹೇಗೆ? ನಾಳೆ ಮೊಟ್ಟೆ ತಗೊಂಡು ಹೋಗೋಕೆ ಬರ್ತೀನಲ್ಲ, ಹೇಳ್ಕೊಡಿ."

ದೊರೆ ಆಚೆಗೆ, ಕೋಳಿಗಳು ಒಳಗೆ. ಮೂರು ಚಿಲಕ, ಒಂದು ಹುಕ್ಕು. ದೊರೆ ಮನೆಗೆ ಹೋಗದೆ ಗೂಡಿಗೆ ಒಂದು ಸುತ್ತು ಬಂದು, ಮುಚ್ಚಳದ ಮೇಲೆ ಕೂತು, ಹುಕ್ಕನ್ನು ಪಂಜದಿಂದ ಮೆಲ್ಲಗೆ ಮುಟ್ಟಿ ನೋಡಿದ.

ಟೈಲರಮ್ಮ ಒಳಗಿನಿಂದ ಹೊಲಿಗೆಯ ಸ್ಟೂಲು ತಂದು ಹಾಕಿಕೊಂಡಳು.

"ಇನ್ನೇನಮ್ಮ ನೋಡೋದು?"

"ಹೊರಗೆ ಬರೋಕಾಗಲಿಲ್ಲ ಅನ್ನೋದೇನೋ ಆಯ್ತು ಮಾವ. ಒಳಗೆ ಹೋಗೋಕೆ ಏನು ಮಾಡ್ತಾನೆ ಅಂತ ನೋಡ್ಬೇಡ್ವಾ?"

ಮಾವ ತಲೆ ಕೆರೆದುಕೊಂಡು ಒಳಗೆ ಹೋದರು. ತಮಗೂ ಒಂದು ಕುರ್ಚಿ ಎಳೆದುಕೊಂಡು ಬಂದರು.