ಮೂರನೆಯ ಹಾಳೆ

ನಮ್ಮನೆಯವರು ಎಂದು ಬಾಯಿ ತುಂಬ ಹೇಳುತ್ತೇನೆ, ಆದರೆ ಆ ಮನುಷ್ಯ ನಮ್ಮ ಮನೆಯ ಹೊಸಿಲನ್ನು ಇನ್ನೂ ತುಳಿದಿರಲಿಲ್ಲ. ಮದುವೆಯಾಗಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಅವರದೊಂದು ದೇಶ, ನನ್ನದೊಂದು ದೇಶ. ಗಂಡ ಎಂದಮೇಲೆ ಹೆಂಡತಿ ಇರುವಲ್ಲಿಗೆ ಬರಲು ಏನು ಕಷ್ಟ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಅರ್ಜಿ ಐದು ತಿಂಗಳಿಗೆ ತಿರಸ್ಕಾರವಾಗಿ ವಾಪಸ್ ಬಂತು. ಹಲ್ಲೆ ಪ್ರಕರಣದಲ್ಲಿ ಶಿಕ್ಷೆಯಾಗಿ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದವರು, ಇಂಥವರನ್ನು ದೇಶದೊಳಗೆ ಬಿಟ್ಟುಕೊಳ್ಳಲು ತಕ್ಕ ಕಾರಣ ಕಾಣುವುದಿಲ್ಲ ಎಂದು ಬರೆದಿದ್ದರು.

ಜೈಲಿನ ವಿಷಯ ನನಗೆ ಗೊತ್ತಿತ್ತು. ಮದುವೆಗೆ ಮುಂಚೆ ಅವರೇ ಹೇಳಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು. ಆ ದೇಶದಲ್ಲಿರುವ ಅಕ್ಕನ ಹೆರಿಗೆಗೆಂದು ನಾನು ಹೋಗಿದ್ದಾಗ ಅವಳ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೆ. ನಲವತ್ತು ನಿಮಿಷ ಹೊರಗಿನಿಂದ ಸಮಾಧಾನ ಹೇಳುತ್ತಾ ಬಾಗಿಲು ಬಿಡಿಸಿದವರು ಇವರು. ಅಷ್ಟು ಹೊತ್ತೂ ನಾನು ಅವರ ಕಂಪನಿಯನ್ನೂ ಅವರನ್ನೂ ಸೇರಿಸಿ ಜನ್ಮ ಜಾಲಾಡಿದೆ. ಇಷ್ಟು ಬೈಸಿಕೊಂಡೂ ಮರುದಿನ "ಲಿಫ್ಟ್ ಸರಿಯಾಗಿ ಓಡ್ತಿದೆಯಾ?" ಎಂದು ಬಾಗಿಲು ತಟ್ಟಿದ ಗಂಡಸನ್ನು ಕೈಬಿಡಬೇಡ ಎಂದವಳು ಅಕ್ಕ.

"ಒಬ್ಬ ಗೆಳತಿ ಇದ್ದಳು. ಅವಳ ಗಂಡ ದಿನಾ ಹೊಡೀತಿದ್ದ. ಒಂದಿನ ನಾನು ಅವನಿಗೆ ಹೊಡೆದೆ," ಎಂದು ಮಾತ್ರ ಹೇಳಿದ್ದರು. ಗೆಳತಿ ಎಂದರೆ ಎಂಥ ಗೆಳತಿ ಎಂದು ನಾನು ಕೇಳಲಿಲ್ಲ, ಅವರು ಬಿಡಿಸಿ ಹೇಳಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದ್ದರು. "ನಾನು ಒಳಗಿದ್ದಷ್ಟು ದಿನ ಅವಳು ಒಂದ್ಸಲಾನೂ ನೋಡೋಕೆ ಬರಲಿಲ್ಲ. ಅವಳನ್ನ ಅವತ್ತೇ ಮನಸ್ಸಿಂದ ತೆಗೆದುಹಾಕಿದೆ." ಈ ಮಾತನ್ನು ನಾನು ಮದುವೆಯ ಉಂಗುರಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಮರುಪರಿಶೀಲನೆಗೆ ಹಾಕೋಣ ಎಂದವರು ನನ್ನ ವಕೀಲರು. ಸದಾ ನೆಗಡಿ, ಸದಾ ಅವಸರ, ಆದರೆ ಕೆಲಸದಲ್ಲಿ ಗಟ್ಟಿ ಹೆಂಗಸು. ಮೊದಲು ಕೋರ್ಟಿನ ತೀರ್ಪಿನ ನಕಲು ತರಿಸಿದರು. ಅದನ್ನು ಅವರ ಕಚೇರಿಯ ಬೆಂಚಿನ ಮೇಲೆ ಕೂತು ಓದಿದೆ. ಕಿರುಚಾಟ ಕೇಳಿದ ಆರೋಪಿಯು ಕೆಳಗಿನಿಂದ ಐದು ಮಹಡಿ ಮೆಟ್ಟಿಲು ಹತ್ತಿ ಓಡಿಹೋಗಿ, ಬಾಗಿಲು ಮುರಿದು, ಸ್ಪ್ಯಾನರಿನಿಂದ ಹೊಡೆದು ದವಡೆ ಮುರಿದನು ಎಂದಿತ್ತು. ಲಿಫ್ಟಿಗೂ ಕಾಯಲಿಲ್ಲ! ಲಿಫ್ಟಿನವನೇ ಲಿಫ್ಟಿಗೆ ಕಾಯದೆ ಐದು ಮಹಡಿ ಓಡಿದ್ದಾನೆ ಎಂದರೆ ಅವಳು ಎಂಥ ಗೆಳತಿ ಎಂದು ಇನ್ನೂ ಬಿಡಿಸಿ ಹೇಳಬೇಕೆ?

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಅಪರಾಧದ ಮೇಲೇ ನನಗೆ ಹೊಟ್ಟೆಕಿಚ್ಚಾಯಿತು. ನನಗಾಗಿ ಈ ಮನುಷ್ಯ ಒಂದು ತಟ್ಟೆಯನ್ನೂ ಒಡೆದವರಲ್ಲ. ನನಗಾಗಿ ಮಾಡಿದ್ದೆಲ್ಲ ಅರ್ಜಿ ತುಂಬುವುದು, ಫೋಟೊ ತೆಗೆಸುವುದು, ಅಂಚೆಗೆ ಹಾಕುವುದು. ಅವಳಿಗೆ ಹದಿನಾಲ್ಕು ತಿಂಗಳ ಆಯುಷ್ಯ ಕೊಟ್ಟು, ನನಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ಕೊಟ್ಟಿದ್ದಾರೆ ಅನ್ನಿಸಿತು.

"ಆ ಹೆಂಗಸಿನ ಕೈಯಲ್ಲೇ ಒಂದು ಕಾಗದ ಬರೆಸ್ಬೇಕು," ಎಂದರು ವಕೀಲರು ಮೂಗು ಒರೆಸಿಕೊಳ್ಳುತ್ತಾ. "ಯಾಕೆ ಹೊಡೆದರು, ಅವತ್ತು ಏನಾಯ್ತು, ಅದು ಅವಳ ಬಾಯಿಂದ ಬಂದ್ರೇನೇ ತೂಕ."

"ಅವಳಿಲ್ಲದೆ ಆಗೋದೇ ಇಲ್ವಾ ಮೇಡಂ?"

"ಆಗಲ್ಲ. ವಿಳಾಸ ನಾನೇ ಹುಡುಕಿ ಬರೀತೀನಿ, ನೀವು ಚಿಂತೆ ಮಾಡಬೇಡಿ." ಚಿಂತೆ ಅದಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ಕಾಗದ ನಮ್ಮ ಮನೆಯ ವಿಳಾಸಕ್ಕೇ ಬಂತು. ಅವಳು ಶಾಲೆಯ ಡ್ರಾಯಿಂಗ್ ಟೀಚರಂತೆ. ಚಿತ್ರ ಬರೆಯುವ ದಪ್ಪ ಹಾಳೆಯ ಒಂದೇ ಬದಿಗೆ, ನಾಲ್ಕು ಹಾಳೆ. ಅಕ್ಷರ ಮುತ್ತಿನಂತಿತ್ತು, ಅದಕ್ಕೂ ಉರಿಯಿತು. ಮೊದಲ ಎರಡು ಹಾಳೆಗಳಲ್ಲಿ ಆ ದಿನದ ವಿವರ, ನಾಲ್ಕನೆಯದರಲ್ಲಿ ಸಹಿ, ವಿಳಾಸ. ಮೂರನೆಯ ಹಾಳೆ ಹೀಗಿತ್ತು.

"ನಾನು ಜೈಲಿಗೆ ಬರಲೇ ಇಲ್ಲ ಎಂದು ಅವರು ತಿಳಿದಿದ್ದಾರೆ. ಏಳು ಭಾನುವಾರ ಹೋದೆ. ಹೆಂಡತಿಯೇ, ತಂಗಿಯೇ ಎಂದು ಕಾವಲಿನವರು ಕೇಳಿದರು. ಎರಡೂ ಅಲ್ಲ ಎಂದೆ. ಸಂಬಂಧಿಕರಲ್ಲದವರನ್ನು ಬಿಡುವುದಿಲ್ಲ ಎಂದರು. ಒಂದು ಸುಳ್ಳು ಹೇಳಿದ್ದರೆ ಬಿಡುತ್ತಿದ್ದರು. ಹೆಂಡತಿ ಎಂದು ಹೇಳಲು ಧೈರ್ಯ ಬರಲಿಲ್ಲ. ತಂಗಿ ಎಂದು ಹೇಳಲು ಮನಸ್ಸು ಬರಲಿಲ್ಲ."

ಕಚೇರಿಗೆ ಸಲ್ಲಿಸಿದ ಪ್ರತಿಯೊಂದರ ನಕಲು ಅರ್ಜಿದಾರರಿಗೂ ಹೋಗುತ್ತದೆ ಎಂದು ವಕೀಲರು ಮೊದಲೇ ಹೇಳಿದ್ದರು. ಅಂದರೆ ಇದನ್ನು ನಮ್ಮನೆಯವರು ಓದುತ್ತಾರೆ. ಬರಲೇ ಇಲ್ಲ ಎಂದು ಮನಸ್ಸಿನಿಂದ ತೆಗೆದುಹಾಕಿದವಳು ಏಳು ಸಲ ಬಂದಿದ್ದಳು ಎಂದು ಗೊತ್ತಾದರೆ? ಅವಳು ಇರುವುದು ಅವರ ಊರಿನಲ್ಲೇ, ನಾನಿರುವುದು ಇಲ್ಲಿ. ಕಾಗದ ಕೊಡದಿದ್ದರೆ ಗಂಡ ಬರುವುದಿಲ್ಲ, ಕೊಟ್ಟರೆ ಬಾರದೆ ಹೋಗಬಹುದು.

ವಕೀಲರಿಗೆ ಫೋನ್ ಮಾಡಿ, "ಕಾಗದ ಇನ್ನೂ ಬಂದಿಲ್ಲ," ಎಂದೆ.

ಮನೆಯಲ್ಲಿಡುವ ಹಾಗಿರಲಿಲ್ಲ. ನಮ್ಮ ಅತ್ತಿಗೆ ಬೀರುವಿನ ಒಳಗೂ ಕಣ್ಣಿಟ್ಟಿರುವವಳು. ಹಾಗಾಗಿ ಕೆಲಸಕ್ಕೆ ಒಯ್ದು, ನನ್ನ ಹೊಲಿಗೆ ಮಿಷನ್ನಿನ ಕೆಳಗಿನ ಖಾನೆಯಲ್ಲಿಟ್ಟೆ. ನಮ್ಮದು ಬಟ್ಟೆ ಆಲ್ಟ್ರೇಷನ್ ಮಾಡುವ ಅಂಗಡಿ. ಉದ್ದದ್ದು ಗಿಡ್ಡ, ಬಿಗಿಯಾದದ್ದು ಸಡಿಲ, ಹಳೇ ಕೋಟಿಗೆ ಹೊಸ ಕಾಲರ್. ದಿನವೂ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ನಾನು ಮೂರನೆಯ ಹಾಳೆ ತೆಗೆದು ಓದುತ್ತಿದ್ದೆ. ಓದಿ ಸುಖವೇನೂ ಇರಲಿಲ್ಲ. ಹಲ್ಲುನೋವಿರುವವರು ಅದೇ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಾರಲ್ಲ, ಹಾಗೆ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಸಂದರ್ಶನದ ದಿನ ಗೊತ್ತಾಯಿತು. ಅಷ್ಟರಲ್ಲಿ ಒಂದು ಸೋಮವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿ (ಹೌದು, ನಿಜವಾಗಿಯೂ ಹಲ್ಲುನೋವು ಬಂದಿತ್ತು) ತಡವಾಗಿ ಅಂಗಡಿಗೆ ಬಂದೆ. ನಮ್ಮ ಕಟಿಂಗ್ ಮಾಸ್ಟರ್ ಮೇಜಿನ ಮೇಲೆ ಬಗ್ಗಿ ಕತ್ತರಿ ಆಡಿಸುತ್ತಿದ್ದರು. ಮಾಸ್ಟರಿಗೆ ಒಂದು ಚಾಳಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಾಗದದಲ್ಲಿ ಅಳತೆ ಕತ್ತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆಂದು ಕಾಗದ ಕೊಳ್ಳುವವರಲ್ಲ. ಕ್ಯಾಲೆಂಡರ್, ಮದುವೆ ಪತ್ರಿಕೆ, ಶರ್ಟಿನ ಡಬ್ಬದ ರಟ್ಟು, ಏನು ಸಿಕ್ಕರೆ ಅದು. ಅಂಗಡಿಯ ಯಾವ ಖಾನೆಯಲ್ಲಿ ದಪ್ಪ ಕಾಗದ ಕಂಡರೂ ಅದು ಅವರದೇ. ಇದು ನಮಗೆಲ್ಲ ಗೊತ್ತಿದ್ದದ್ದೇ, ನನಗೂ ಗೊತ್ತಿದ್ದದ್ದೇ. ಆದರೂ ಅಲ್ಲಿಟ್ಟಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

"ಒಳ್ಳೇ ಕಾಗದ ಕಣಮ್ಮ," ಎಂದರು ಮಾಸ್ಟರ್. "ಕಾಲರಿಗೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲಿ ಸಿಕ್ತು?"

ಕಾಲರಿನ ಆಕಾರದ ಒಂದು ತುಂಡನ್ನು ತಿರುಗಿಸಿ ನೋಡಿದೆ. ಮುತ್ತಿನಂಥ ಅಕ್ಷರ, ಅರ್ಧರ್ಧ ಸಾಲು. ಸುತ್ತ ಕತ್ತರಿಸಿದ ಚೂರುಗಳು ಬೆಳಗಿನ ಚಿಂದಿ ಮೂಟೆಯಲ್ಲಿ ಹೋಗಿಯಾಗಿತ್ತು. ಖಾನೆಯಲ್ಲಿ ಹುಡುಕಿದೆ. ಉಳಿದ ಮೂರು ಹಾಳೆ ಹಾಗೇ ಇದ್ದವು. ಮೇಲೆ ಇಟ್ಟಿದ್ದ ಮೂರನೆಯದಕ್ಕೇ ಕತ್ತರಿ ಬಿದ್ದಿತ್ತು.

ಮೊದಲು ಉಳಿದ ಹಾಳೆಗಳನ್ನು ಎರಡೆರಡು ಸಲ ಎಣಿಸಿದೆ. ಆಮೇಲೆ, ದೇವರಾಣೆ, ಖುಷಿಯಾಯಿತು. ಏಳು ಭಾನುವಾರ ಚಿಂದಿಯವನ ಪಾಲು! ನಾನು ಮಾಡಿದ್ದಲ್ಲ, ಮಾಸ್ಟರ್ ಮಾಡಿದ್ದು. ಹೊಡೆದಾಟದ ವಿವರವೂ ಸಹಿಯೂ ಕೈಯಲ್ಲಿವೆ, ನನಗೆ ಬೇಕಾದದ್ದು ಇದೆ, ಬೇಡವಾದದ್ದು ಇಲ್ಲ. ಅವತ್ತೇ ಓಡಿಹೋಗಿ ವಕೀಲರ ಕೈಗೆ ಕೊಟ್ಟೆ.

ವಕೀಲರು ಹಾಳೆಗಳನ್ನು ನೋಡಿ ತಲೆಯ ಮೇಲೆ ಕೈ ಹೊತ್ತರು. "ಮೂರು ಎಲ್ಲಿ? ಅವಳು ಪ್ರತಿ ಹಾಳೆಗೂ ನಂಬರ್ ಹಾಕಿದಾಳಲ್ರೀ!" ಕಾಲರಿನ ತುಂಡನ್ನು ಕೊಟ್ಟೆ. ಅದನ್ನು ಹಿಡಿದುಕೊಂಡು ಅವರು ಸೀನುವುದನ್ನೂ ಮರೆತರು. ಸಂದರ್ಶನಕ್ಕೆ ನಾಲ್ಕೇ ದಿನ, ಇನ್ನೊಂದು ಕಾಗದ ಬರುವಷ್ಟು ಸಮಯವಿಲ್ಲ. "ಇದ್ದಿದ್ದನ್ನೇ ಕೊಡೋಣ. ಕೇಳಿದ್ರೆ ನಿಜ ಹೇಳಿ. ಇದೇ ಕೊನೆ ಅವಕಾಶ, ಇಲ್ಲೂ ಇಲ್ಲ ಅಂದ್ರೆ ಹತ್ತು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ."

ಸಂದರ್ಶನದ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಕುರ್ಚಿಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು. ಅಧಿಕಾರಿ ನನ್ನಷ್ಟೇ ವಯಸ್ಸಿನ ಹೆಂಗಸು, ಕೇಳಿದ್ದನ್ನೆಲ್ಲ ತಾವೇ ಟೈಪ್ ಮಾಡಿಕೊಳ್ಳುತ್ತಿದ್ದರು. ಲಿಫ್ಟಿನ ಕತೆ, ಮದುವೆಯ ಕತೆ ಸಲೀಸಾಗಿ ಮುಗಿಯಿತು. ಆಮೇಲೆ ಅವರು ಕಾಲರನ್ನು ಮೇಜಿನ ಮೇಲಿಟ್ಟರು.

"ಇದನ್ನ ಕತ್ತರೀಲಿ ಕತ್ತರಿಸಿದಾರೆ."

"ಹೌದು ಮೇಡಂ. ನಮ್ಮ ಮಾಸ್ಟರ್." ಮಾಸ್ಟರ ಚಾಳಿಯನ್ನು ವಿವರಿಸಿದೆ.

"ಸರ್ಕಾರಕ್ಕೆ ಕೊಡಬೇಕಾದ ಕಾಗದ ಅಂಗಡೀಲಿ ಯಾಕಿತ್ತು? ಲಕೋಟೆ ಮೇಲಿನ ಅಂಚೆ ಮುದ್ರೆ ನೋಡಿದ್ರೆ ಬಂದು ಎರಡು ತಿಂಗಳಾಗ್ತಾ ಬಂತು."

ನಾನು ಕುರ್ಚಿಯ ಬೋಲ್ಟು ನೋಡುತ್ತಾ ಕೂತೆ. ಅವರು ಟೈಪ್ ಮಾಡುವುದನ್ನು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು. "ನಿಮ್ಮ ಗಂಡ ಆ ಹೆಂಗಸಿಗೂ ಹೊಡೀತಿದ್ರಾ? ಅದನ್ನೇ ಬರೆದಿದ್ಲಾ? ನಿಮಗೆ ಅವರನ್ನ ಕಂಡ್ರೆ ಭಯ ಇದ್ರೆ ಹೇಳಿ. ಬೇಕಾದ್ರೆ ವಕೀಲರನ್ನೂ ಹೊರಗೆ ಕಳಿಸ್ತೀನಿ."

ಆ ಹೆಂಗಸಿನ ಮುಖದಲ್ಲಿ ನಿಜವಾದ ಕರುಣೆಯಿತ್ತು. ಅದನ್ನು ನೋಡಿಯೇ ನನಗೆ ಗೊತ್ತಾಯಿತು, ಇನ್ನು ಒಂದು ನಿಮಿಷ ಸುಮ್ಮನಿದ್ದರೆ ನನ್ನ ಗಂಡನ ಕತೆ ಮುಗಿಯಿತು. ಜೀವಮಾನದಲ್ಲಿ ನನ್ನ ಮೇಲೆ ಕೈಯೆತ್ತದ ಮನುಷ್ಯ ಹೆಂಗಸರಿಗೆ ಹೊಡೆಯುವವನು ಎಂದು ದಾಖಲಾಗುತ್ತಾನೆ, ನನ್ನ ದೆಸೆಯಿಂದ. ಒಳ್ಳೆಯ ಮಾತೇ ಬರೆದಿದ್ದಳು ಎಂದರೆ ಯಾರು ನಂಬುತ್ತಾರೆ? ಒಳ್ಳೆಯ ಮಾತನ್ನು ಯಾವ ಹೆಂಡತಿ ಬಚ್ಚಿಡುತ್ತಾಳೆ?

"ಭಯ ಅಲ್ಲ ಮೇಡಂ," ಎಂದೆ. "ಹೊಟ್ಟೆಕಿಚ್ಚು."

"ಏನಂತ ಬರ್ಕೊಳ್ಲಿ?"

"ಹಾಗಂತಲೇ ಬರ್ಕೊಳ್ಳಿ."

ವಕೀಲರು ಪಕ್ಕದಲ್ಲಿ ಸೀನಿದರು. ಅಧಿಕಾರಿ ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು, "ಆ ಹಾಳೇಲಿ ಏನಿತ್ತು ನೆನಪಿದೆಯಾ?" ಎಂದರು. ಇತ್ತು. ಒಂದಕ್ಷರ ಬಿಡದೆ ಇತ್ತು. ನಾನು ಹೇಳಿದೆ. ನಾನು ಜೈಲಿಗೆ ಬರಲೇ ಇಲ್ಲ ಎಂದು ಅವರು ತಿಳಿದಿದ್ದಾರೆ, ಏಳು ಭಾನುವಾರ ಹೋದೆ. ಅವಳ ಮಾತು, ನನ್ನ ಬಾಯಿ. ನಾನು ನಾನು ಎಂದು ಅವಳ ಪರವಾಗಿ ನನ್ನ ಗಂಡನ ಮೇಲಿನ ಪ್ರೀತಿಯನ್ನು ಒಂದು ಸರ್ಕಾರಿ ಮೇಜಿನ ಮುಂದೆ ಒಪ್ಪಿಸುತ್ತಿದ್ದೆ.

"ನಿಧಾನ," ಎಂದರು ಅಧಿಕಾರಿ. "'ತಂಗಿ ಎಂದು ಹೇಳಲು' ಆದ್ಮೇಲೆ?"

"ಮನಸ್ಸು ಬರಲಿಲ್ಲ," ಎಂದು ಎರಡನೇ ಸಲ ಹೇಳಿದೆ.

"ಇಷ್ಟು ಚೆನ್ನಾಗಿ ಹೇಗೆ ನೆನಪಿದೆ?"

"ದಿನಾ ಓದ್ತಿದ್ದೆ."

"ಯಾಕೆ?"

"ಉರ್ಕೊಳ್ಳೋಕೆ."

ಅದನ್ನೂ ಅವರು ಟೈಪ್ ಮಾಡಿಕೊಂಡರು.

ಹತ್ತೊಂಬತ್ತು ದಿನಕ್ಕೆ ಉತ್ತರ ಬಂತು. ವಕೀಲರು ಅಂಗಡಿಗೇ ಫೋನ್ ಮಾಡಿ ಓದಿ ಹೇಳಿದರು. ಪ್ರವೇಶಕ್ಕೆ ಅನುಮತಿ ಕೊಡಲಾಗಿದೆ, ಅಪರಾಧದ ಹಿನ್ನೆಲೆಯನ್ನು ಒಪ್ಪಿಕೊಳ್ಳಲಾಗಿದೆ, ಈ ವಿವಾಹ ನಿಜವಾದದ್ದು ಎಂಬ ಬಗ್ಗೆ ಅಧಿಕಾರಿಗೆ ಯಾವ ಸಂಶಯವೂ ಇಲ್ಲ. ನನ್ನ ಕಿರುಚಾಟಕ್ಕೆ ಮಾಸ್ಟರ್ ಕತ್ತರಿ ಕೆಳಗೆ ಹಾಕಿದರು. ಅಷ್ಟು ಹೊತ್ತಿಗೆ ನೆನಪಾಯಿತು, ಸಂದರ್ಶನದ ನಕಲು ನಮ್ಮನೆಯವರಿಗೂ ಹೋಗಿರುತ್ತದೆ.

ಅಂಗಡಿಯ ಹಿಂದಿನ ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ. ಅವರು ತೆಗೆದರು.

"ಏಳು ಸಲ ಬಂದಿದ್ಲಂತೆ," ಎಂದರು.

"ಹೌದು."

"ನಿನಗೆ ಎರಡು ತಿಂಗಳಿಂದ ಗೊತ್ತಿತ್ತು."

"ಹೌದು. ಬೈಯೋದಿದ್ರೆ ಬೈದುಬಿಡಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂಬತ್ತು ವರ್ಷದಿಂದ ಅವಳನ್ನ ಕೃತಘ್ನೆ ಅಂತ ಬೈಕೊಂಡೇ ಓಡಾಡಿದೀನಿ ನಾನು," ಎಂದರು. ಇಸ್ತ್ರಿಯ ಹಬೆಗೆ ನನ್ನ ಮುಖವೆಲ್ಲ ಒದ್ದೆಯಾಗಿತ್ತು, ಅಥವಾ ಹಬೆಗಲ್ಲ. "ಟಿಕೆಟ್ ಮುಂದಿನ ಗುರುವಾರದ್ದು ಸಿಕ್ಕಿದೆ. ಹೊರಡೋ ಮುಂಚೆ ಒಂದ್ಸಲ ಹೋಗಿ ಅವಳನ್ನ ನೋಡ್ಕೊಂಡು ಬರ್ಲಾ? ನೀನು ಬೇಡ ಅಂದ್ರೆ ಹೋಗಲ್ಲ."

ಬೇಡ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಎರಡೇ ಅಕ್ಷರ. ಅಂದಿದ್ದರೆ ಅವರು ನಿಜವಾಗಿ ಹೋಗುತ್ತಿರಲಿಲ್ಲ, ಆ ಮನುಷ್ಯ ಅಂಥವರೇ. ಹೋಗದೆ ನನ್ನ ಮನೆಗೆ ಬಂದು, ನನ್ನ ಪಕ್ಕದಲ್ಲಿ ಕೂತು, ಹೋಗಬೇಕಿತ್ತು ಎಂದು ಜೀವನಪೂರ್ತಿ ಅಂದುಕೊಳ್ಳುತ್ತಿದ್ದರು.

"ಹೋಗಿ ಬನ್ನಿ," ಎಂದೆ.

"ನಿಜವಾಗ್ಲೂ?"

"ಹೋಗಿ ಬನ್ನಿ ಅಂದ್ನಲ್ಲ, ಎಷ್ಟು ಸಲ ಹೇಳಿಸ್ತೀರಾ!"

ಅವರು ಆಯ್ತು ಎಂದರು. ಫೋನ್ ಇಡಬೇಕು ಎನ್ನುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. "ರೀ, ಮನೇಲೇ ಊಟ ಮುಗಿಸ್ಕೊಂಡು ಹೋಗಿ. ಅಲ್ಲಿ ಏನೂ ತಿನ್ನಬೇಡಿ."

"ನೀರು?" ಎಂದರು.

ನಾನು ಯೋಚನೆ ಮಾಡಿದೆ.

"ಒಂದು ಲೋಟ," ಎಂದೆ.